ಬಿಸ್ಕೀಟಿನ ಡಬ್ಬಿಯ ವಸ್ತರಾಗಳು

ಮೊದಲನೆಯ ವಸ್ತರಾ ಮನೆಗೆ ಬಂದದ್ದು ಒಂದು ಬುಧವಾರ, ಮೆಂತ್ಯದ ಕಟ್ಟಿನ ಜೊತೆಗೆ, ಅದೇ ಚೀಲದೊಳಗೆ. ಶಿವಕಾಂತಾ ಸೊಪ್ಪು ಸೋಸಲಿಕ್ಕೆ ಕೂತು ಚೀಲ ಬೋರಲು ಹಾಕಿದಳು. ಜಂಗು ಹಿಡಿದ ಕಬ್ಬಿಣದ ತುಂಡೊಂದು ಠಣ್ಣನೆ ಫರಸಿಯ ಮೇಲೆ ಬಿತ್ತು. ಎತ್ತಿಕೊಂಡು ಬಿಚ್ಚಿದರೆ ಹಿಡಿಯೊಳಗಿಂದ ಬೆರಳುದ್ದದ ಅಲಗು ಹೊರಗೆ ಬಂತು. ಹಳೇ ಕಾಲದ ಕ್ಷೌರದ ಕತ್ತಿ, ಪುಣೆಯ ಮಂದಿ ವಸ್ತರಾ ಅನ್ನುವಂಥದ್ದು.

"ಇದೇನ್ರೀ?" ಅಂದಳು.

ಅವಳ ಗಂಡ ಪ್ರೇಮಕುಮಾರ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. "ಜುನಾ ಬಜಾರದಾಗ ಸಿಕ್ತು."

"ಯಾಕ ತಂದ್ರಿ?"

"ಸುಮ್ನ."

ಸುಮ್ನ ಅಂತೆ! ಆರು ತಿಂಗಳಿಂದ ಓಣಿಯ ಅಂಗಡಿಗೂ ಹೋಗದ ಮನುಷ್ಯ ಬಿಬವೇವಾಡಿಯ ಮನೆಯಿಂದ ಎರಡು ಬಸ್ಸು ಬದಲಿಸಿ ಹಳೇ ಸಾಮಾನಿನ ಬಜಾರಕ್ಕೆ ಹೋಗಿ, ಅಲ್ಲಿದ್ದ ಸಾವಿರ ವಸ್ತುವಿನೊಳಗೆ ಇದನ್ನೇ ಆರಿಸಿ ತರುತ್ತಾನೆ, ಕೇಳಿದರೆ ಸುಮ್ನ! ಯಾವ ಹೆಂಡತಿ ನಂಬಿಯಾಳು, ನೀವೇ ಹೇಳಿ. ಶಿವಕಾಂತಾಳ ಹೊಟ್ಟೆಯೊಳಗೆ ಮೊದಲೇ ಕೂತಿದ್ದ ಅಂಜಿಕೆ ಆ ಮಧ್ಯಾಹ್ನ ಎದ್ದು ನಿಂತಿತು.

ಪ್ರೇಮಕುಮಾರ ಭೋಸರಿಯ ಒಂದು ಕಾರಖಾನೆಯಲ್ಲಿ ಹದಿನಾಲ್ಕು ವರ್ಷ ಗ್ರೈಂಡಿಂಗ್ ಮಷೀನಿನ ಮೇಲೆ ಕೆಲಸ ಮಾಡಿದವನು. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಬೆರಳಿನಿಂದ ಮುಟ್ಟಿ ಹೇಳುವಂಥವನು. ಒಂದು ದಿನ ತಗಡು ಒತ್ತುವ ಪ್ರೆಸ್ಸಿನ ಆಳು ಬಂದಿರಲಿಲ್ಲ, ಇವನನ್ನು ಕೂರಿಸಿದರು. ಬಲಗೈಯ ಎರಡು ಬೆರಳು ಅರ್ಧಕ್ಕೇ ಹೋದವು, ಅವುಗಳ ಹಿಂದೆಯೇ ಕೆಲಸವೂ ಹೋಯಿತು. ದವಾಖಾನೆಯಲ್ಲಿ ಮೂರನೆಯ ದಿನ ಅವಳು ಗಂಜಿ ಕುಡಿಸುತ್ತಿದ್ದಾಗ ಅವನು ಗೋಡೆಯ ಕಡೆ ನೋಡುತ್ತ, "ನಾ ಇಲ್ಲಂದ್ರೂ ನೀವೆಲ್ಲ ಆರಾಮ ಇರ್ತೀರಿ," ಅಂದಿದ್ದ. ಒಮ್ಮೆ ಮಾತ್ರ, ಮತ್ತೆ ಅನ್ನಲಿಲ್ಲ. ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಮನೆಗೆ ಬಂದವಳೇ ಬಚ್ಚಲುಮನೆಯ ಚಿಲಕವನ್ನು ಗುಂಡುಕಲ್ಲಿನಿಂದ ಬಡಿದು ಮುರಿದಳು. ಅತ್ತೆ ಕೇಳಿದಾಗ, "ಹಳೇದಾಗಿತ್ತು, ಉದುರಿ ಬಿತ್ತು," ಅಂದಳು.

ಈಗ ನೋಡಿದರೆ ಈ ವಸ್ತರಾ. ಪ್ರೇಮಕುಮಾರ ಅದನ್ನು ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆ ಹಾಕಿದ, ಆಮೇಲೆ ಪಾಲಿಶ್ ಕಾಗದ ನೀರಿಗೆ ಅದ್ದಿ ಅದ್ದಿ ತಿಕ್ಕಲು ಶುರುಮಾಡಿದ. ಮುಂಜಾನೆ ಕೂತವನು ಮಧ್ಯಾಹ್ನದ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಎಡಗೈಯಲ್ಲಿ ಹಿಡಿದು, ಉಳಿದ ಬಲಗೈ ಬೆರಳುಗಳಿಂದ ತಿಕ್ಕುವುದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ತಿಕ್ಕುವುದು. ಹದಿನೈದು ದಿನ ಅದೇ ಕೆಲಸ. ಆಮೇಲೆ ಎರಡನೆಯದು ಬಂತು, ಮೂರನೆಯದು ಬಂತು, ನೋಡನೋಡುತ್ತ ಐದಾದವು. ಬಿಸ್ಕೀಟಿನ ತಗಡಿನ ಡಬ್ಬಿಯೊಂದರಲ್ಲಿ ಬಟ್ಟೆ ಹಾಸಿ ಅವುಗಳನ್ನು ಮಲಗಿಸಿಡುತ್ತಿದ್ದ. ಶಿವಕಾಂತಾ ಮಾರ್ಕೆಟ್ಟಿನ ಪೋಳಿ-ಭಾಜಿ ಕೇಂದ್ರದಲ್ಲಿ ಚಪಾತಿ ಲಟ್ಟಿಸುವ ಕೆಲಸಕ್ಕೆ ಹೋಗುವ ಮುಂಚೆ ದಿನಾ ಆ ಡಬ್ಬಿ ತೆರೆದು ಎಣಿಸುತ್ತಿದ್ದಳು. ಬಂದ ಮೇಲೆ ಚಪ್ಪಲಿ ಬಿಡುವ ಮುಂಚೆಯೇ ಮತ್ತೆ ಎಣಿಸುತ್ತಿದ್ದಳು.

ಮೊದಲು ಗಲಾಟೆ ಎಬ್ಬಿಸಿದವಳು ಅತ್ತೆ ಮರೆಮ್ಮ.

"ಏ ಪ್ರೇಮ್ಯಾ, ಬೋಳಿಸೋ ಕತ್ತಿ ಯಾರರ ಮನಿಯಾಗ ಇಟ್ಕೊಂತಾರೇನೋ? ಎಷ್ಟು ಮಂದಿ ಸತ್ತಾಗ ಎಷ್ಟು ಮಕ್ಕಳ ತಲಿ ಬೋಳಿಸಿದ್ವೋ ಇವು! ಸೂತಕದ ಕತ್ತಿ. ಒಗದು ಬಾ ಅಂದ್ರ!"

"ಅವ್ವಾ, ಗಡ್ಡ ಹೆರೆದದ್ದೂ ಇರ್ತದ. ಮದಿಮಕ್ಕಳದ್ದೂ ಹೆರೆದಿರ್ತದ," ಅಂದ ಪ್ರೇಮಕುಮಾರ, ತಲೆ ಎತ್ತದೆ.

"ನಿನಗೇನ್ ಬಂದು ಹೇಳಿತೇನು ಅದು?"

ಮಾವ ಭೀಮಣ್ಣ ಕೋಥರೂಡದ ಒಂದು ಸೊಸೈಟಿಯಲ್ಲಿ ಹಗಲು ಪಾಳಿಯ ವಾಚಮನ್. ಸಂಜೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತಾಗ ಮರೆಮ್ಮ ಮತ್ತೆ ಅದೇ ರಾಗ ತೆಗೆದಳು. ಆತ ರೊಟ್ಟಿ ಮುರಿಯುತ್ತ, "ಇರ್ಲಿ ಬಿಡ. ಆ ಕೈಗೆ ಏನರ ಕೆಲಸ ಬೇಕಲ್ಲ," ಅಂದ.

"ಅವನಿಗೆ ಬ್ಯಾರೆ ಕೆಲಸ ಸಿಗಲಿಲ್ಲೇನು? ಶಿವಕಾಂತಾ, ನೀನರ ಹೇಳವ್ವ ನಿನ್ನ ಗಂಡಗ!"

ಶಿವಕಾಂತಾ ಏನು ಹೇಳಿಯಾಳು? ಅತ್ತೆಗೆ ಸತ್ತವರ ಅಂಜಿಕೆ, ಇವಳಿಗೆ ಬದುಕಿದ್ದವನ ಅಂಜಿಕೆ. "ಪಲ್ಯ ಹಾಕ್ಲೇನ್ರಿ?" ಅಂದು ಒಳಗೆ ಹೋದಳು.

ಒಂದು ಭಾನುವಾರ, "ಬಜಾರಕ್ಕ ನಾನೂ ಬರ್ತೀನಿ," ಅಂತ ಗಂಟು ಬಿದ್ದಳು. ಅವನು ಚೀಲ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ, ಇವಳು ಹಿಂದೆ. ಜುನಾ ಬಜಾರದಲ್ಲಿ ನೆಲಕ್ಕೆ ಹಾಸಿದ ಟಾರ್ಪಾಲಿನ ಮೇಲೆ ಹಳೇ ಕೀಲಿ, ನಲ್ಲಿ, ನಿಂತ ಗಡಿಯಾರ, ಹಿತ್ತಾಳೆಯ ತಟ್ಟೆ ಹರಡಿದ್ದವು. ಪ್ರೇಮಕುಮಾರ ಒಂದು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳು ಫಳಫಳ ಹೊಳೆಯುವ ವಸ್ತರಾ ಒಂದನ್ನು ತೋರಿಸಿ, "ಇದು ಚಲೋ ಅದ ಅಲ್ರಿ?" ಅಂದಳು. ಏನಾದರೂ ಮಾತಾಡಬೇಕಲ್ಲ ಅಂತ ಅಂದದ್ದು.

"ಅದು ಸತ್ತದ," ಅಂದ. ಅವಳು ತೋರಿಸಿದ ಕೈ ಹಿಂದಕ್ಕೆ ತೆಗೆದುಕೊಂಡಳು. "ಮಾರೋರು ಮಷೀನಿಗೆ ಹಿಡಿದು ಹೊಳಪು ಬರಸ್ತಾರ. ಬಿಸಿ ಹತ್ತಿ ಹದ ಹೋಗ್ತದ, ಆಮ್ಯಾಲ ಎಷ್ಟು ಮಸೆದ್ರೂ ಹರಿತ ನಿಂದ್ರಂಗಿಲ್ಲ." ಕಪ್ಪಗಾದ ಇನ್ನೊಂದನ್ನು ಎತ್ತಿಕೊಂಡ. "ಇದರ ಜಂಗು ನೋಡು, ಬೆನ್ನಿನ ಮ್ಯಾಲ ಅದ. ಅಲಗಿನ ತನಕ ಬಂದಿಲ್ಲ. ಇಂಥಾದ್ದು ಹುಡುಕಬೇಕು." ಉಗುರಿನಿಂದ ಅಲಗಿಗೆ ಟಿಂಗ್ ಅಂತ ಹೊಡೆದು ಕಿವಿಯ ಹತ್ತಿರ ಹಿಡಿದ. "ದನಿ ತುಂಡಾದ್ರ ಎಲ್ಲೋ ಸೀಳು ಅದ ಅಂತ ಅರ್ಥ. ನನಗ ಮೊದಲಿಗೆ ಗೊತ್ತಿರಲಿಲ್ಲ. ಮೂರನೇದು ತಂದಿದ್ನಲ್ಲ, ಕಲ್ಲಿಗೆ ಹಚ್ಚಿದ ಕೂಡ್ಲೆ ತುದಿ ಎದ್ದು ಹೋಯ್ತು."

ಬೆರಳು ಹೋದಂದಿನಿಂದ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅವಳು ಕೇಳಿರಲಿಲ್ಲ. ಅಂಗಡಿಯವನ ಜೊತೆ ಮರಾಠಿಯಲ್ಲಿ ಚೌಕಾಶಿ ಮಾಡಿದ, ಬಿಬವೇವಾಡಿಗೆ ಬಂದಿಳಿದ ಮೇಲೆ ಒಬ್ಬ ಮುದುಕ ನ್ಹಾವಿಯ, ಅಂದರೆ ಕ್ಷೌರಿಕನ, ಅಂಗಡಿಗೂ ಕರೆದುಕೊಂಡು ಹೋದ. ಈಗ ಕ್ಷೌರಕ್ಕೆ ಎಲ್ಲರೂ ಅರ್ಧ ಬ್ಲೇಡು ಹಾಕುವ ಕತ್ತಿಯನ್ನೇ ಬಳಸುತ್ತಾರೆ, ಹಳೆಯವು ಇಂಥ ಮುದುಕರ ಟ್ರಂಕಿನೊಳಗೆ ಬಿದ್ದಿರುತ್ತವೆ ಅಂತ ದಾರಿಯಲ್ಲಿ ಹೇಳಿದ. ಮುದುಕ ಮರದ ಹಿಡಿಯದೊಂದು ಹುಡುಕಿ ಕೊಟ್ಟು, "ಮಾಝ್ಯಾ ವಡಿಲಾಂಚಾ ಆಹೇ," ಅಂದ, ನಮ್ಮಪ್ಪನದು ಅಂತ. ಪ್ರೇಮಕುಮಾರ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಶಿವಕಾಂತಾಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು. ಆದರೆ ಆ ಖುಷಿ ಒಂದು ವಾರವೂ ಬಾಳಲಿಲ್ಲ.

ಶುಕ್ರವಾರ ಸಂಜೆ ಅವನು ಅವಳ ಹೆಗಲ ಮೇಲೆ ಬಿದ್ದಿದ್ದ ಉದ್ದದ ಕೂದಲೊಂದನ್ನು ಆರಿಸಿಕೊಂಡು, ಆ ಮರದ ಹಿಡಿಯ ವಸ್ತರಾದ ಮೇಲೆ ಇಳಿಬಿಟ್ಟ. ಕೂದಲು ಸದ್ದಿಲ್ಲದೆ ಎರಡಾಯಿತು. ಹನ್ನೆರಡು ವರ್ಷದ ಮಗಳು ತೃಪ್ತಿ ಚಪ್ಪಾಳೆ ತಟ್ಟಿ, "ಪಪ್ಪಾ, ಇನ್ನೊಮ್ಮೆ!" ಅಂತ ಕುಣಿದಳು. ಪ್ರೇಮಕುಮಾರನ ತುಟಿಯ ಮೇಲೆ ನಗು ಬಂತು.

ಶಿವಕಾಂತಾ ಮಗಳ ಕೈ ಹಿಡಿದು ಹಿಂದಕ್ಕೆ ಎಳೆದಳು. ಇಷ್ಟು ದಿನ ಜಂಗಾದರೂ ಇತ್ತು. ಜಂಗು ಇದ್ದಾಗಲೇ ಚಲೋ ಇತ್ತಲ್ಲ ಅನಿಸಿತು. ಆ ರಾತ್ರಿಯ ಊಟಕ್ಕೆ ಮಾಡಿದ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು. ಮರೆಮ್ಮ ಬೈದಳು. ಅವಳು ಬೈಸಿಕೊಂಡಳು.

ಮುಂದಿನ ಮಂಗಳವಾರ. ಅವಳು ಕೆಲಸ ಮುಗಿಸಿ ಬಂದಾಗ ಎರಡೂವರೆ ಆಗಿತ್ತು. ಗೋಡೆಯ ಹತ್ತಿರ ಚಾಪೆ ಹಾಸಿತ್ತು, ಮನುಷ್ಯ ಇರಲಿಲ್ಲ. ಡಬ್ಬಿ ತೆರೆದಳು. ಏಳು ಇರಬೇಕಾದಲ್ಲಿ ಆರು. ಮತ್ತೆ ಎಣಿಸಿದಳು, ಮತ್ತೂ ಆರೇ. ಮರದ ಹಿಡಿಯದು ಇರಲಿಲ್ಲ.

"ಅತ್ತೀ! ಇವರೆಲ್ಲಿ?"

ಮರೆಮ್ಮ ಬಾಗಿಲ ಹೊರಗೆ ಜೋಳ ಹಸನು ಮಾಡುತ್ತಿದ್ದಳು. "ಹನ್ನೊಂದಕ್ಕ ಹೋದ. ಫೋನಿನ್ಯಾಗ ಯಾರ ಕೂಡೋ ಮಾತಾಡಿದ, ಎದ್ದ, ಹೋದ. ಊಟಾನೂ ಮಾಡ್ಲಿಲ್ಲ."

"ಏನ್ ಮಾತಾಡಿದ್ರು?"

"ಮರಾಠಿ ನನಗೆಲ್ಲಿ ಬರ್ತದ?" ಅದೂ ನಿಜವೇ. ಮರೆಮ್ಮ ಮೂವತ್ತು ವರ್ಷ ಪುಣೆಯ ಬಿಲ್ಡಿಂಗುಗಳಿಗೆ ಇಟ್ಟಿಗೆ ಹೊತ್ತವಳು. ಮೇಸ್ತ್ರಿ ಯಾದಗಿರಿಯವನು, ಗಾರೆಯವರು ಯಾದಗಿರಿಯವರು, ಮರಾಠಿ ಕಲಿಯುವ ಪ್ರಸಂಗವೇ ಬಂದಿರಲಿಲ್ಲ.

"ಒಂದೆರಡರ ಶಬ್ದ ನೆನಪದ ಏನ್ರಿ? ನೆನಪು ಮಾಡ್ಕೋರಿ!"

ಸೊಸೆಯ ಮುಖ ನೋಡಿ ಮುದುಕಿ ಮೊರ ಕೆಳಗಿಟ್ಟಳು. "ವಸ್ತರಾ ಅಂದ. ಗಳ್ಯಾವರ ಅಂದ. ಹೂಂ, ಗಳ್ಯಾವರ, ಎರಡು ಸಲ ಅಂದ. ಆಮ್ಯಾಲ ಸಂಪಲಂ ಅಂದ. ಯಾಕ? ಏನಾಯ್ತು?"

ಶಿವಕಾಂತಾ ಹುಟ್ಟಿ ಬೆಳೆದದ್ದೇ ಪುಣೆಯಲ್ಲಿ, ಮರಾಠಿ ಅವಳಿಗೆ ಮನೆಮಾತಿನಷ್ಟೇ ಸಲೀಸು. ಗಳಾ ಅಂದರೆ ಕೊರಳು. ಗಳ್ಯಾವರ ಅಂದರೆ ಕೊರಳ ಮೇಲೆ. ಸಂಪಲಂ ಅಂದರೆ ಮುಗಿಯಿತು.

ಬಚ್ಚಲುಮನೆಯ ಬಾಗಿಲು ತಳ್ಳಿದಳು. ಯಾರೂ ಇಲ್ಲ. ನೀರಿನ ಟಾಕಿಯ ಹಿಂದೆ ಹೋಗಿ ನೋಡಿದಳು, ಓಣಿಯ ಕೊನೆಯ ಸಾರ್ವಜನಿಕ ಪಾಯಖಾನೆಯ ಒಂದೊಂದು ಬಾಗಿಲೂ ಬಡಿದಳು. ಫೋನು ಹಚ್ಚಿದರೆ ಸ್ವಿಚ್ ಆಫ್. ಮಾವನಿಗೆ ಹಚ್ಚಿದಳು.

"ಮಾವಾ, ಇವರು ಕಾಣ್ವಲ್ರು. ವಸ್ತರಾ ಒಯ್ದಾರ. ಲಗೂನ ಬರ್ರಿ."

"ವಸ್ತರಾ ಒಯ್ದ್ರ ಏನಾಯ್ತವ್ವ? ಬಜಾರಕ್ಕ ಹೋಗಿರ್ತಾನ."

"ಇವತ್ತ ಮಂಗಳವಾರ್ರಿ! ಬಜಾರಿಲ್ಲ!" ಅಂತ ಕಿರುಚಿದಳು. ಭೀಮಣ್ಣ ಮತ್ತೇನೂ ಕೇಳಲಿಲ್ಲ, ಬಂದೆ ಅಂದ.

ಬಸ್ ಸ್ಟಾಪು, ಚಹದಂಗಡಿ, ಮುದುಕ ನ್ಹಾವಿಯ ಅಂಗಡಿ. ಎಲ್ಲ ಕಡೆಯೂ ಬಲಗೈಯ ಎರಡು ಬೆರಳು ಮಡಚಿ ತೋರಿಸಿ, "ಅಸಾ ಹಾತ ಅಸಲೇಲಾ ಮಾಣೂಸ ಪಾಹಿಲಾ ಕಾ?" ಅಂತ ಕೇಳಿದಳು. ಇಂಥ ಕೈಯವನನ್ನು ಯಾರೂ ನೋಡಿರಲಿಲ್ಲ. ಕೊನೆಗೆ ಹಿಂದಿನ ಗುಡ್ಡ ಹತ್ತಿದಳು. ಮುಂಜಾನೆ ಮಂದಿ ತಿರುಗಾಡುವ ಜಾಗ, ಮಧ್ಯಾಹ್ನ ನರಪಿಳ್ಳೆಯೂ ಇರಲಿಲ್ಲ. ಚಪ್ಪಲಿಯ ಉಂಗುಷ್ಟ ಕಿತ್ತಿತು, ಅಲ್ಲೇ ಬಿಟ್ಟು ನಡೆದಳು. ದೇವರೇ, ಇದೊಂದು ಸಲ, ಇದೊಂದು ಸಲ ಅಂತ ಬಾಯಿ ತಾನಾಗಿ ಅನ್ನುತ್ತಿತ್ತು.

ಬೇವಿನ ಗಿಡದ ಕೆಳಗೆ ನೀಲಿ ಅಂಗಿಯ ಗಂಡಸೊಬ್ಬ ಆ ಕಡೆ ಮುಖ ಮಾಡಿ ಮಲಗಿದ್ದ. ಪ್ರೇಮಕುಮಾರನಿಗೂ ಅಂಥದೇ ನೀಲಿ ಅಂಗಿ ಇತ್ತು. ಹತ್ತು ಹೆಜ್ಜೆ ದೂರದಲ್ಲಿ ಅವಳ ಕಾಲು ನಿಂತುಬಿಟ್ಟವು. ಮುಂದೆ ಹೋಗಿ ನೋಡಬೇಕು, ಹೋಗಲಾರಳು. ತಿರುಗಿ ಓಡಬೇಕು, ಅದೂ ಆಗವಲ್ದು. ಎಷ್ಟು ಹೊತ್ತು ನಿಂತಳೋ ಏನೋ. ಗಂಡಸು ಹೊರಳಿ, ಎದ್ದು ಕೂತು, "ಕಾಯ ಝಾಲಂ ತಾಯೀ?" ಅಂದ, ಏನಾಯಿತಕ್ಕಾ ಅಂತ. ಯಾರೋ ಬೇರೆಯವನು. ಅವಳು ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಅತ್ತಳು.

ಪೋಲೀಸ್ ಚೌಕಿಗೆ ಹೋಗುವುದೊಂದೇ ಉಳಿಯಿತು ಅಂದುಕೊಂಡು, ಅವನ ಫೋಟೋ ತರಲಿಕ್ಕೆ ಮನೆಗೆ ಬಂದಾಗ ಆರು ದಾಟಿತ್ತು. ಬಾಗಿಲಲ್ಲಿ ಅವನ ಚಪ್ಪಲಿ ಕಂಡವು. ಒಳಗೆ ಪ್ರೇಮಕುಮಾರ ರೊಟ್ಟಿ ಮತ್ತು ಶೇಂಗಾ ಚಟ್ನಿ ತಿನ್ನುತ್ತ ಕೂತಿದ್ದ. ಮರೆಮ್ಮ ಪಕ್ಕದಲ್ಲಿ ಕೂತು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ತೃಪ್ತಿ ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದಳು.

"ಎಲ್ಲಿ ಹೋಗಿದ್ದಿ?" ಅಂದಳು ಶಿವಕಾಂತಾ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಗಂಡನಿಗೆ ಏಕವಚನ ಅಂದವಳಲ್ಲ. "ಎಲ್ಲಿ ಸತ್ತಿದ್ದಿ ನೀ?" ಅಂದು ಅವನ ಬೆನ್ನಿಗೆ, ಭುಜಕ್ಕೆ, ತಲೆಗೆ ಎರಡೂ ಕೈಯಿಂದ ಬಡಿಯತೊಡಗಿದಳು. ರೊಟ್ಟಿ ನೆಲಕ್ಕೆ ಬಿತ್ತು. ಮರೆಮ್ಮ, "ಏ ಬಿಡ, ಬಿಡ, ಉಣ್ಣೋ ಮನಶಾಗ!" ಅಂತ ಅಡ್ಡ ಬಂದಳು. ಅಷ್ಟೊತ್ತಿಗೆ ಭೀಮಣ್ಣ ಏದುಸಿರು ಬಿಡುತ್ತ ಬಂದು ಬಾಗಿಲು ಹಿಡಿದು ನಿಂತ. ಬದಲಿ ವಾಚಮನ್ ಬರುವತನಕ ಸೊಸೈಟಿಯವರು ಬಿಟ್ಟಿರಲಿಲ್ಲ, ಆಮೇಲೆ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡು, ಕೊನೆಗೆ ಇಳಿದು ನಡೆದೇ ಬಂದಿದ್ದ.

"ಭೋಸರಿಗೆ ಹೋಗಿದ್ದೆ," ಅಂದ ಪ್ರೇಮಕುಮಾರ. "ಶ್ಯಾಮ ಕರೆದಿದ್ದ. ನನ್ನ ಕೂಡ ಕೆಲಸಕ್ಕಿದ್ನಲ್ಲ, ಅವ. ಕತ್ತರಿ, ಚಾಕು ಮಸೆಯೋ ಗಾಳಾ ಹಾಕ್ಯಾನ. ವಸ್ತರಾ ತಗೊಂಡು ಬಾ, ನಿನ್ನ ಕೈ ಹೆಂಗದ ನೋಡೂಣು ಅಂದ. ಸೋಮವಾರದಿಂದ ಬಾ ಅಂದಾನ. ಫೋನಿನ್ಯಾಗ ಚಾರ್ಜ್ ಇರಲಿಲ್ಲ."

"ಗಾಳಾ?" ಅಂದಳು ಶಿವಕಾಂತಾ. ಭೋಸರಿಯಲ್ಲಿ ಗಾಳಾ ಅಂದರೆ ಕೆಲಸದ ಶೆಡ್ಡು. "ಅತ್ತಿ ಗಳ್ಯಾವರ ಅಂದ್ರು! ವಸ್ತರಾ, ಗಳ್ಯಾವರ, ಸಂಪಲಂ ಅಂದ್ರು!"

"ಗಾಳ್ಯಾವರ," ಅಂದ ಅವನು. "ವಸ್ತರಾ ಗಾಳ್ಯಾವರ ತರ್ತೀನಿ, ಇದರ ಕೆಲಸ ಮುಗೀತು ಅಂದೆ."

ಮೊದಲು ನಕ್ಕವಳು ತೃಪ್ತಿ. "ಅಜ್ಜಿ, ಒಂದು ದೀರ್ಘ ನುಂಗಿಬಿಟ್ಟಿ ನೋಡು ನೀ!" ಭೀಮಣ್ಣ ಹೊಸ್ತಿಲ ಮೇಲೆ ಕುಸಿದು ಕೂತು ಕೆಮ್ಮುತ್ತ ನಕ್ಕ. "ನಿನ್ನ ಮರಾಠಿಗೆ ಬೆಂಕಿ ಹಾಕ್ಲಿ! ಕೋಥರೂಡದಿಂದ ಓಡಿಸಿದೆಲ್ಲೇ ನನ್ನ!" ಮರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ನನಗೇನ್ ಗೊತ್ತು, ಗಳಾನೋ ಗಾಳಾನೋ! ಸುಡ್ಲಿ, ಎರಡೂ ಒಂದೇ ಕೇಳಸ್ತಾವ!" ಅಂತ ಮೈ ಕುಲುಕಿಸಿ ನಕ್ಕಳು. ಶಿವಕಾಂತಾಳಿಗೂ ನಗು ಬಂತು. ಕಣ್ಣೀರು ಸುರಿಯುತ್ತಿತ್ತು, ನಗುತ್ತಲೂ ಇದ್ದಳು, ನಿಲ್ಲಿಸಲು ಆಗಲಿಲ್ಲ.

ಪ್ರೇಮಕುಮಾರ ಮಾತ್ರ ನಗಲಿಲ್ಲ. ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದೇ ಆರಿಸಿ ತಾಟಿನಲ್ಲಿ ಹಾಕುತ್ತಿದ್ದ. ಅವನು ನಗುತ್ತಿಲ್ಲ ಅನ್ನುವುದು ಒಬ್ಬೊಬ್ಬರಿಗೇ ಗೊತ್ತಾಗುತ್ತ ಬಂದು ನಗು ನಿಂತಿತು.

"ತೃಪ್ತಿ, ಮಗ್ಗಲ ಮನಿಗೆ ಹೋಗಿ ಆಡು ಹೋಗು," ಅಂದ. ಹುಡುಗಿ ಎಲ್ಲರ ಮುಖ ನೋಡಿ ಎದ್ದು ಹೋದಳು.

"ನೀ ತಪ್ಪು ತಿಳದಿಲ್ಲ," ಅಂತ ಹೆಂಡತಿಗೆ ಹೇಳಿದ. "ಇವತ್ತಿಂದಷ್ಟ ತಪ್ಪು. ಮೊದಲನೇ ವಸ್ತರಾ ಅದಕ್ಕಂತೇ ತಂದಿದ್ದೆ."

"ಯಾವುದಕ್ಕೋ?" ಅಂದಳು ಮರೆಮ್ಮ. ಮಗನ ಮುಖ, ಸೊಸೆಯ ಮುಖ ನೋಡಿದ ಮೇಲೆ ಅವಳಿಗೇ ತಿಳಿಯಿತು. "ಯವ್ವಾ..." ಅಂದು ಗೋಡೆ ಹಿಡಿದಳು.

"ಆವಾಗ ನನಗ ಆರಸಾಕ ಎಲ್ಲಿ ಬರ್ತಿತ್ತು?" ಪ್ರೇಮಕುಮಾರ ತಾಟಿನ ಕಡೆಯೇ ನೋಡುತ್ತ ಹೇಳಿದ. "ಬೆಣ್ಣಿನೂ ಕೊಯ್ಯಲಾರದಂಥಾದ್ದು ತಂದಿದ್ದೆ. ಮೊದಲು ಇದರ ಜಂಗು ಬಿಡಸ್ಬೇಕು ಅಂತ ಕುಂತೆ. ಹದಿನೈದು ದಿನ ಹಿಡೀತು. ಜಂಗು ಹೋದಂಗೆಲ್ಲ ಒಳಗಿಂದ ಉಕ್ಕು ಕಾಣ್ಲಿಕ್ಕೆ ಹತ್ತಿತು. ಕೈ ಇನ್ನೂ ಕೆಲಸ ಮಾಡ್ತದಲ್ಲ ಅನಿಸ್ತು. ಇದು ಮುಗೀಲಿ, ಆಮ್ಯಾಲ ನೋಡೂಣು ಅಂತ ಎರಡನೇದು ತಂದೆ. ಹಂಗಽ ಒಂದೊಂದು ತರ್ಕೋತ ಬಂದೆ."

ಭೀಮಣ್ಣ ಹೊಸ್ತಿಲಿಂದ ಎದ್ದು ಬಂದು ಮಗನ ಎದುರು ಕೂತ. ಆ ಮನುಷ್ಯ ಮಗನನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ, ಈಗ ಅವನ ಮೊಣಕಾಲ ಮೇಲೆ ಕೈ ಇಟ್ಟ. "ನಾಳಿ ದವಾಖಾನಿಗೆ ಹೋಗೂಣು. ಇದಕ್ಕೂ ಡಾಕ್ಟರ್ ಇರ್ತಾರಂತ, ನಮ್ಮ ಸೊಸೈಟಿಯವರು ಮಾತಾಡ್ಕೊಂತಿರ್ತಾರ. ನಾ ರಜಾ ಹಾಕ್ತೀನಿ."

"ಹೂಂ," ಅಂದ ಪ್ರೇಮಕುಮಾರ.

"ನನಗ ಯಾಕ ಹೇಳ್ಲಿಲ್ಲ?" ಅಂದಳು ಶಿವಕಾಂತಾ.

"ಹೇಳಿದ್ರ ನೀ ಅಂಜ್ತಿ ಅಂತ."

"ಅಂಜಲಾರದ ದಿನ ಯಾವುದಿತ್ತು ನನಗ? ಹೇಳಿದ್ರ ನಿನ್ನ ಕೂಡ ಅಂಜ್ತಿದ್ದೆ. ಹೇಳಲಾರದ್ದಕ್ಕ ಒಬ್ಬಾಕೇ ಅಂಜಿದೆ." ಮೂಗು ಒರೆಸಿಕೊಂಡಳು. "ಇನ್ನ ಮ್ಯಾಲ ಆ ವಿಚಾರ ಬಂದ ಕೂಡ್ಲೆ ನನ್ನ ಕರಿಬೇಕು. ಕೆಲಸಕ್ಕ ಹೋಗಿದ್ರೂ ಕರಿಬೇಕು. ಏ, ಇವಳೇ ಅನ್ನೋದು ಬ್ಯಾಡ. ಹೆಸರು ಹಿಡದು ಕರಿ, ಆವಾಗ ನನಗ ತಿಳೀತದ."

ಮರೆಮ್ಮ ಎದ್ದು ಬುಟ್ಟಿಯಿಂದ ಇನ್ನೊಂದು ರೊಟ್ಟಿ ತೆಗೆದು ಮಗನ ತಾಟಿಗೆ ಹಾಕಿದಳು, ಚಟ್ನಿ ಹಾಕಿದಳು, ಮೇಲೆ ಎಣ್ಣೆ ಬಿಟ್ಟಳು. ಎಣ್ಣೆ ತಾಟಿನ ತುಂಬ ಹರಿಯಿತು. ಅವನು ಒಂದು ತುತ್ತು ಮುರಿದ, ಬಾಯಿಗೆ ಇಡಲಿಲ್ಲ.

"ಶಿವಕಾಂತಾ," ಅಂದ. ಅಪ್ಪ-ಅವ್ವನ ಎದುರಿಗೇ ಅಂದ.

"ಈಗ ಆ ವಿಚಾರ ಬಂದದೇನು?"

"ಹೂಂ."

ಅವಳು ಎದ್ದು ಹೋಗಿ ಅವನ ಮಗ್ಗುಲಲ್ಲಿ ಕೂತಳು, ಅವನ ಬಲಗೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದುಕೊಂಡಳು. ಅಲ್ಲಿಂದ ಯಾರೂ ಏಳಲಿಲ್ಲ.